40 ಮಕ್ಕಳಿಗೆ ಹ್ಯಾಲೋವೀನ್ ಬೋರ್ಡು, ದೀಪಾವಳಿ ಕಾರ್ಡು: ಯಾವ ಹಾಳಿ, ಯಾವ ಅಂಟು, ಎಷ್ಟು ತರಬೇಕು?

ಕೇಳಿದವರು: ನಾಲ್ಕನೇ_ಕ್ಲಾಸ್_ಟೀಚರ್ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ಇಂಗ್ಲಿಷ್ ಮೀಡಿಯಂ ಶಾಲಿ, ನಾಲ್ಕನೇ ಕ್ಲಾಸ್, 40 ಮಕ್ಕಳು. ಅಕ್ಟೋಬರ್ 31ಕ್ಕ ‘ಆಟಮ್ ಮತ್ತು ಹ್ಯಾಲೋವೀನ್’ (ಎಲಿ ಉದುರೋ ಕಾಲ ಮತ್ತು ಪಶ್ಚಿಮದವರ ದೆವ್ವದ ವೇಷದ ಹಬ್ಬ) ಅಂತ ಗ್ವಾಡಿ ಬೋರ್ಡ್ ಆಗಬೇಕು. ಕುಂಬಳಕಾಯಿ, ಬಾವಲಿ, ಉದುರೋ ಎಲಿ, ಇಷ್ಟು ಇರ್ಲಿ ಅಂದಾರ. ಮುಂದಿನ ವಾರಾನೇ ದೀಪಾವಳಿ, ಆಗ ಪ್ರತಿಯೊಂದು ಮಗು ಮನಿಗೆ ತಾನೇ ಮಾಡಿದ ಒಂದು ಶುಭಾಶಯ ಕಾರ್ಡ್ ಒಯ್ಯಬೇಕು. ಎರಡಕ್ಕೂ ಬ್ಯಾರೆ ಬ್ಯಾರೆ ಸಾಮಾನು ತರೋಷ್ಟು ರೊಕ್ಕ ಇಲ್ಲ. 40 ನಿಮಿಷದ ಪಿರಿಯಡ್ ನಾಲ್ಕು ಸಿಗ್ತಾವ.

ಮುಖ್ಯವಾಗಿ ಮೂರು ತೊಂದರಿ ಅವ. ದಪ್ಪ ಹಾಳಿ ಮಡಚಿದ ಕೂಡ್ಲೇ ಮಡಿಕಿ ಮ್ಯಾಲ ಬಿರುಕು ಬಿಟ್ಟು ಬೆಳ್ಳಗ ಕಾಣ್ತದ. ಫೆವಿಕಾಲ್ ಹಚ್ಚಿದ್ರ ಹಾಳಿ ಸುಕ್ಕಾಗಿ ಕಾರ್ಡ್ ಬಾಗ್ತದ. ಪಾಪ್-ಅಪ್ ಕಾರ್ಡ್ (ಬಿಚ್ಚಿದ್ರ ಒಳಗಿನ ಚಿತ್ರ ಎದ್ದು ನಿಲ್ಲೋ ಕಾರ್ಡ್) ಮುಚ್ಚಿದಾಗ ಒಳಗಿನ ಚಿತ್ರ ಹೊರಗ ಇಣುಕ್ತದ. ಇನ್ನ ಎಲಿ ವಿಷಯ: ನಮ್ಮ ಕಡಿ ಅಕ್ಟೋಬರ್‌ದಾಗ ಗಿಡ ಎಲ್ಲಾ ಹಸರೇ ಇರ್ತಾವ, ಕೆಂಪು-ಕೇಸರಿ ಎಲಿ ಎಲ್ಲಿಂದ ತರೋದು? ಬರೇ ಸ್ಕೆಚ್ ಪೆನ್ ಬಣ್ಣ ಭಾಳ ಸಪ್ಪಗ ಕಾಣ್ತದ.

---

ಉತ್ತರ 1: ಕತ್ತರಿ_ಸ್ಕೇಲ್ (ಕಲಬುರಗಿ)

ಮೇಡಂ, ಮೊದಲ ಹಾಳಿ ಸರಿ ಮಾಡ್ಕೊಳ್ರಿ, ನಿಮ್ಮ ತೊಂದರಿಯಾಗ ಅರ್ಧ ಅಲ್ಲೇ ಕಳೀತದ.

ಮಡಿಕಿ ಬಿರುಕು ಬಿಡೋದು ಹಾಳಿ ಕೆಟ್ಟದ್ದು ಅಂತಲ್ಲ. ಮಷೀನಿನ್ಯಾಗ ಹಾಳಿ ತಯಾರಾಗೋವಾಗ ಅದರ ಎಳಿ ಎಲ್ಲಾ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮಲಗ್ತಾವ. ಎಳಿ ಮಲಗಿದ ದಿಕ್ಕಿಗೇ ಮಡಚಿದ್ರ ಗೆರಿ ಚೊಕ್ಕ ಬರ್ತದ. ಅಡ್ಡ ಮಡಚಿದ್ರ ಎಳಿ ಮುರೀತಾವ, ಬಿರುಕು ಕಾಣ್ತದ. ನೋಡೋದು ಸುಲಭ: ಹಾಳಿನ ಮಡಚದೇ ಸುಮ್ನ ಎರಡೂ ಕಡಿಯಿಂದ ಒಂದೊಂದು ಸಲ ಬಗ್ಗಿಸಿ ಕೈಯಿಂದ ಒತ್ರಿ. ಯಾವ ಕಡಿ ಕಡಿಮಿ ಜೋರು ಬೇಕಾಗ್ತದೋ, ಮಡಿಕಿ ಆ ಕಡಿ ಬರಬೇಕು.

ಅಂಗಡಿಯಾಗ ಸಿಗೋ ಎ4 ಹಾಳಿಯೊಳಗ ಎಳಿ ಸಾಮಾನ್ಯವಾಗಿ ಉದ್ದಕ್ಕ ಇರ್ತಾವ. ಅದನ್ನ ನಡುವ ಮಡಚಿ ದೊಡ್ಡ ಕಾರ್ಡ್ ಮಾಡಿದ್ರ ಮಡಿಕಿ ಎಳಿಗಿ ಅಡ್ಡ ಬೀಳ್ತದ. ನಿಮಗ ಬಿರುಕು ಬರೋದು ಇದಕ್ಕೇ. ಅದೇ ಎ4ನ ಮೊದಲ ಎರಡು ತುಂಡು ಕತ್ತರಿಸಿ, ಒಂದೊಂದು ತುಂಡನ್ನ ಮತ್ತ ನಡುವ ಮಡಚ್ರಿ. ಈಗ ಮಡಿಕಿ ಎಳಿ ಕಡೀನೇ ಬರ್ತದ.

ಆದ್ರ 40 ಕಾರ್ಡಿಗೆ ಎ4 ದುಬಾರಿ. 22×28 ಇಂಚಿನ ಐವರಿ ಶೀಟ್ (ನುಣುಪಾದ ದಪ್ಪ ಬಿಳಿ ಹಾಳಿ), 210 ಅಥವಾ 220 ಜಿಎಸ್‌ಎಂದು ತಗೋರಿ (ಜಿಎಸ್‌ಎಂ ಅಂದ್ರ ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗ್ತದ ಅನ್ನೋ ಲೆಕ್ಕ). ಕಾರ್ಡಿನ ತುಂಡು 5.5×7 ಇಂಚು ಇಟ್ರ (ಮಡಚಿದ ಮ್ಯಾಲ 3.5×5.5) ಒಂದು ಶೀಟಿಗೆ 16 ಬರ್ತಾವ, ಚೂರೂ ಹಾಳಾಗಂಗಿಲ್ಲ. ಇದು ಎಳಿ 22 ಇಂಚಿನ ಕಡಿ ಇದ್ರ. 28ರ ಕಡಿ ಇದ್ರ ತುಂಡು ತಿರುಗಿಸಿ ಹಾಕಬೇಕು, ಆಗ 15. ಹ್ಯಾಂಗ ಇದ್ರೂ ಮೂರು ಶೀಟಿಗೆ 40 ಆಗಿ ಐದರಿಂದ ಎಂಟು ಉಳೀತಾವ. 300 ಜಿಎಸ್‌ಎಂ ಮಾತ್ರ ಬ್ಯಾಡ, ಒಂಬತ್ತು ವರ್ಷದ ಮಕ್ಕಳ ಕೈಗೆ ಅದು ಬಗ್ಗಂಗಿಲ್ಲ.

ಮಡಚೋಕಿಂತ ಮೊದಲ ಖಾಲಿ ಆದ ಬಾಲ್‌ಪೆನ್ನಿಂದ ಸ್ಕೇಲ್ ಇಟ್ಟು ಗೆರಿ ಒತ್ತಿ ಎಳೀರಿ, ಕೆಳಗ ನಾಲ್ಕೈದು ಪದರ ರದ್ದಿ ಪೇಪರ್ ಇರ್ಲಿ. ಗಟ್ಟಿ ಮೇಜಿನ ಮ್ಯಾಲ ಇಟ್ಟು ಎಳದ್ರ ಗೆರಿ ಇಳಿಯಂಗಿಲ್ಲ.

ಕುಂಬಳಕಾಯಿಗಿ ಕೇಸರಿ ಎ4, 120ರಿಂದ 160 ಜಿಎಸ್‌ಎಂ. 80ರದ್ದು ಜೋತು ಬೀಳ್ತದ, 220ರದ್ದು ದುಂಡಗ ಬಾಗೋ ಬದ್ಲಿ ಗೆರಿ ಬಿದ್ದು ಮುರೀತದ. ಪಟ್ಟಿ ಒಂದೂವರಿ ಸೆಂ.ಮೀ ಅಗಲ, 21 ಸೆಂ.ಮೀ ಉದ್ದ, ಅಂದ್ರ ಹಾಳಿ ಅಡ್ಡಕ್ಕ ಕತ್ತರಸ್ರಿ. ಇಲ್ಲಿ ಲೆಕ್ಕ ಉಲ್ಟಾ: ಪಟ್ಟಿ ದುಂಡಗ ಬಾಗಬೇಕಂದ್ರ ಎಳಿ ಪಟ್ಟಿ ಅಗಲಕ್ಕ ಇರಬೇಕು. ಉದ್ದಕ್ಕ ಕತ್ತರಿಸಿದ ಪಟ್ಟಿ ಅಲ್ಲಲ್ಲಿ ಮೂಲಿ ಬಿಟ್ಟಂಗ ಆಗ್ತದ. ಒಂದು ಎ4ಗೆ 19 ಪಟ್ಟಿ, ಒಂದು ಕಾಯಿಗಿ 16 ಸಾಕು. ಐದೈದು ಮಕ್ಕಳ ಗುಂಪಿಗೆ ಒಂದು ಅಂತ ಎಂಟು ಕಾಯಿ ಹಿಡೀರಿ, 128 ಪಟ್ಟಿ, ಏಳು ಹಾಳಿ.

ಎಲ್ಲಾ ಪಟ್ಟಿನೂ ಒಂದರ ಮ್ಯಾಲೊಂದು ಇಟ್ಟು ಎರಡೂ ತುದಿಗಿ 1 ಸೆಂ.ಮೀ ಬಿಟ್ಟು ತೂತು ಹಾಕ್ರಿ, ದಾರ ಪೋಣಸ್ರಿ, ಆ ಮ್ಯಾಲ ಬೀಸಣಿಗಿಯಂಗ ಹರವ್ರಿ. ದಾರದ ಎರಡೂ ತುದಿಗಿ ಒಂದೊಂದು ಅಂಗಿ ಗುಂಡಿ ಕಟ್ಟಲೇಬೇಕು, ಬರೇ ಗಂಟು ಹಾಕಿದ್ರ ತೂತು ಹರದು ಪಟ್ಟಿ ಕಳಚಿ ಬೀಳ್ತಾವ. ಸುಮ್ನ ಬಿಟ್ರ 12 ಸೆಂ.ಮೀ ದುಂಡು ಚೆಂಡು ಆಗ್ತದ. ದಾರ ಜಗ್ಗಿ ಎತ್ತರ 8 ಸೆಂ.ಮೀಗೆ ಇಳಿಸಿದ್ರ ಚಪ್ಪಟಿ ಆಗಿ ಕುಂಬಳಕಾಯಿ ಆಕಾರ ಬರ್ತದ. ತೊಟ್ಟಿಗಿ ಹಸರು ಹಾಳಿ ಸುರುಳಿ ಸಾಕು.

ಅಂಟಿನ ಮಾತು. ಫೆವಿಕಾಲ್‌ದಾಗ ನೀರು ಅದ. ಹಾಳಿ ನೀರು ಕುಡದು ಹಿಗ್ತದ, ಒಣಗಿದಾಗ ಕುಗ್ತದ. ಒಂದೇ ಮಗ್ಗಲಿಗಿ ಹಚ್ಚಿದ್ರ ಆ ಕಡಿ ಬಾಗ್ತದ. ಅಗಲ ಜಾಗಕ್ಕ ಗ್ಲೂ ಸ್ಟಿಕ್, ಬರೇ ಚುಕ್ಕಿ ಇಡೋ ಜಾಗಕ್ಕ ಫೆವಿಕಾಲ್. ನಮ್ಮ ಊರಾಗ ಮಳಿಗಾಲ ಮುಗದ ಮ್ಯಾಲ ಗಾಳಿ ಒಣ ಆಗ್ತದ, ಫ್ಯಾನ್ ಕೆಳಗ ಕುಂತು ಮಾಡಿದ್ರಂತೂ ಹಾಳಿ ಕೂಡಿಸೋಕಿಂತ ಮೊದಲೇ ಫೆವಿಕಾಲ್ ಮ್ಯಾಲ ಪೊರಿ ಕಟ್ತದ. ಅಂಟಿಸೋ ಹೊತ್ತಿನ್ಯಾಗ ಫ್ಯಾನ್ ಬಂದ್ ಮಾಡ್ರಿ. ಆಮ್ಯಾಲ ಕಾರ್ಡ್ ಎಲ್ಲಾ ರದ್ದಿ ಪೇಪರ್ ನಡುವ ಇಟ್ಟು ಮ್ಯಾಲ ಪುಸ್ತಕ ಹೇರಿ ಒಂದು ರಾತ್ರಿ ಬಿಡ್ರಿ.

---

ಉತ್ತರ 2: ಕಪ್ಪು_ಬೆಳ್ಳಿ (ಬೀದರ)

ಹಾಳಿ ವಿಷಯಕ್ಕ ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಅದ. ಕರಿ ಚಾರ್ಟ್ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಎರಡೂ ಕೆಲಸ ಒಂದರಾಗ ಮುಗಿಯೋದು ಇದರಾಗೇ.

ಬಾವಲಿಗಿ ಕರಿ ಚಾರ್ಟ್ ಹೆಂಗೂ ತರ್ತೀರಿ. ಅದೇ ಹಾಳಿ ಮ್ಯಾಲ ಬಿದ್ರಿ (ನಮ್ಮ ಬೀದರದ ಲೋಹದ ಕುಸುರಿ) ನಕ್ಷಾ ತಗದ್ರ ದೀಪಾವಳಿ ಕಾರ್ಡಿನ ಮುಖ ಆಯ್ತು. ಬಿದ್ರಿಯಾಗ ಸತು-ತಾಮ್ರದ ಎರಕದಾಗ ಬೆಳ್ಳಿ ಕೂಡಿಸಿ, ಬೀದರ ಕೋಟಿಯ ಮಣ್ಣು, ನವಸಾಗರದ ನೀರಾಗ ಹಾಕಿ ಕಪ್ಪು ಮಾಡ್ತಾರ. ಆಗ ಬೆಳ್ಳಿ ಒಂದೇ ಎದ್ದು ಕಾಣ್ತದ. ಹಾಳಿ ಮ್ಯಾಲ ಅದೇ ನಕ್ಷಾಕ್ಕ ಸಿಲ್ವರ್ ಜೆಲ್ ಪೆನ್ ಸಾಕು. ನಡುವ ಒಂದು ಪಣತಿ, ಸುತ್ತ ಹೂ-ಬಳ್ಳಿ, ಅಂಚಿಗಿ ಜೋಡಿ ಗೆರಿ. ನಕ್ಷಾ ತುಂಬಾ ತುಂಬಬ್ಯಾಡ್ರಿ, ಕಪ್ಪು ಖಾಲಿ ಇದ್ದಷ್ಟು ಬೆಳ್ಳಿಗಿ ಬೆಲಿ.

ಕರಿ ಹಾಳಿ ಮ್ಯಾಲ ಕಾರ್ಬನ್ ಪೇಪರ್ ಕಾಣಂಗಿಲ್ಲ. ನಕ್ಷಾ ಇರೋ ಹಾಳಿ ಹಿಂದ ಬಿಳಿ ಸೀಮಿಸುಣ್ಣ ಉಜ್ಜಿ, ತಿರುಗಿಸಿ ಇಟ್ಟು, ಮ್ಯಾಲ ಪೆನ್ಸಿಲ್‌ದಿಂದ ಒತ್ತಿ ತಿದ್ರಿ. ಜೆಲ್ ಪೆನ್ ಒಣಗಿದ ಮ್ಯಾಲ ಸುಣ್ಣದ ಪುಡಿ ಹತ್ತಿಯಿಂದ ಒರಸ್ರಿ. ಹಸಿ ಇದ್ದಾಗ ಒರಸಿದ್ರ ಬೆಳ್ಳಿ ಎಲ್ಲಾ ಹರಡ್ತದ. ಹೊಳಿಯೋ ಮಗ್ಗಲು ಬ್ಯಾಡ, ಮಂಕ ಇರೋ ಮಗ್ಗಲಿನ ಮ್ಯಾಲ ಬರೀರಿ. ಹೊಳಿಯೋದರ ಮ್ಯಾಲ ಶಾಯಿ ಹಿಡಿಯಂಗಿಲ್ಲ.

ಅಗ್ಗದ ಕರಿ ಚಾರ್ಟ್ ಹೊಟ್ಟಿ ಒಳಗ ಬೆಳ್ಳಗ ಇರ್ತದ, ಕತ್ತರಿಸಿದ ಅಂಚು ಬಿಳಿ ದಾರದಂಗ ಕಾಣ್ತದ. ಕರಿ ಸ್ಕೆಚ್ ಪೆನ್ ಅಡ್ಡ ಹಿಡದು ಅಂಚಿಗಿ ಎಳದುಬಿಡ್ರಿ. ಇದನ್ನ ಮಡಚೂಬ್ಯಾಡ್ರಿ, 8×13 ಸೆಂ.ಮೀ ತುಂಡು ಮಾಡಿ ಐವರಿ ಕಾರ್ಡಿನ ಮುಖಕ್ಕ ಅಂಟಸ್ರಿ. ಸುತ್ತ ಸಣ್ಣ ಬಿಳಿ ಅಂಚು ಉಳೀತದ, ಅದೇ ಚೌಕಟ್ಟು.

ಲೆಕ್ಕ: ಮೂರು ಕರಿ ಚಾರ್ಟ್. ಒಂದರಾಗ 14×7 ಸೆಂ.ಮೀ ಬಾವಲಿ 35. ಎರಡನೇದರಾಗ ಕಾರ್ಡಿನ ಮುಖ 32. ಮೂರನೇದರಾಗ ಉಳದ ಬಾವಲಿ, ಉಳದ ಎಂಟು ಮುಖ, ಅದರ ಮ್ಯಾಲ ಎರಡು ಆಕಾಶಬುಟ್ಟಿ. ಬುಟ್ಟಿಗಿ 49.5×18 ಸೆಂ.ಮೀ ಪಟ್ಟಿ ಬೇಕು: 12 ಸೆಂ.ಮೀದ ನಾಲ್ಕು ಮಗ್ಗಲು, ಒಂದೂವರಿ ಅಂಟಿಸೋಕ. ಎರಡು ಎದುರಾ-ಬದರಾ ಮಗ್ಗಲಿಗಿ ಕುಂಬಳಕಾಯಿ ಮುಖ ಕೊರೀರಿ, ಇನ್ನೆರಡಕ್ಕ ಪಣತಿ. ಹಿಂದಿಂದ ಕೇಸರಿ ಪತಂಗದ ಹಾಳಿ ಹಚ್ಚಿ ಆಮ್ಯಾಲ ನಾಲ್ಕು ಮೂಲಿ ಮಡಚಿ ಕೂಡಸ್ರಿ. 31ಕ್ಕ ಮುಖ ಈ ಕಡಿ ಇರ್ಲಿ, ಮುಂದಿನ ವಾರ ತಿರುಗಿಸಿ ತೂಗುಬಿಡ್ರಿ. ಪತಂಗದ ಹಾಳಿಗಿ ಗ್ಲೂ ಸ್ಟಿಕ್ಕೇ ಆಗಬೇಕು, ಕ್ರೇಪ್ ಹಾಳಿ ಆಗಲೇಬಾರದು, ಅಂಟಿನ ನೀರು ತಾಗಿದ್ರ ಬಣ್ಣ ಬಿಡ್ತದ. ಒಳಗ ಬ್ಯಾಟರಿ ದೀಪ ಅಷ್ಟೇ. ಖರೇ ದೀಪ, ಮೇಣಬತ್ತಿ ಬ್ಯಾಡ್ರಿ.

‘ಕುಂಬಳಕಾಯಿಗಿ ದೆವ್ವದ ಮುಖ ಯಾಕ’ ಅಂತ ಯಾರರ ತಾಯಿ-ತಂದಿ ಕೇಳಿದ್ರ, ಹೊಸ ಮನಿ ಕಟ್ಟೋ ಕಡಿ ದೃಷ್ಟಿಗಿ ಅಂತ ಬೂದಗುಂಬಳಕ್ಕ ಕಣ್ಣು, ಮೀಸಿ ಬರದು ತೂಗುಬಿಡ್ತೀವಲ್ಲ, ಅದನ್ನ ತೋರಸ್ರಿ. ಐರ್ಲೆಂಡಿನವರು ಮೊದಲ ಟರ್ನಿಪ್ ಗಡ್ಡೀನ ಕೊರದು ದೀಪ ಇಡ್ತಿದ್ರು, ಕುಂಬಳಕಾಯಿ ಬಂದದ್ದು ಅಮೆರಿಕಕ್ಕ ಹೋದ ಮ್ಯಾಲ.

---

ಉತ್ತರ 3: ಎಲೆ_ಬಣ್ಣ (ಯಾದಗಿರಿ)

ಎಲೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮೇಪಲ್ ಎಲೆಯ ಕೆಂಪು ಚಳಿ ದೇಶದ್ದು. ಇಲ್ಲಿ ಎಲೆ ಉದುರುವ ಕಾಲ ಬೇಸಿಗೆಯ ಬಾಗಿಲಲ್ಲಿ ಬರುತ್ತದೆ, ಅಕ್ಟೋಬರ್‌ನಲ್ಲಲ್ಲ. ಹಾಗಾಗಿ ಬಣ್ಣವನ್ನು ಅಡುಗೆಮನೆಯಿಂದ ತನ್ನಿ.

ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ಬಿಸಿ ನೀರಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಪುಡಿ ಹಾಳೆಯ ಮೇಲೆ ಕೂತು ಆಮೇಲೆ ಬಟ್ಟೆಗೆಲ್ಲ ಹತ್ತುತ್ತದೆ. ಡ್ರಾಯಿಂಗ್ ಶೀಟಿಗೆ ಅಗಲ ಬ್ರಷ್‌ನಿಂದ ಬಳಿಯಿರಿ. ಇನ್ನೂ ತೇವ ಇರುವಾಗಲೇ, ಕಾಲು ಲೋಟ ನೀರಿಗೆ ಅರ್ಧ ಚಮಚ ಅಡಿಗೆ ಸೋಡಾ ಕದಡಿ, ಹಳೆಯ ಟೂತ್‌ಬ್ರಷ್‌ನಿಂದ ಚಿಮುಕಿಸಿ. ಸೋಡಾ ಬಿದ್ದ ಕಡೆಯೆಲ್ಲ ಹಳದಿ ಹೋಗಿ ಕೆಂಪು-ಕಂದು ಕಲೆ ಏಳುತ್ತದೆ. ಅರಿಶಿನಕ್ಕೆ ಸುಣ್ಣ ಕೂಡಿದರೆ ಆರತಿಯ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಸೋಡಾ ಸಾಕು. ಇನ್ನೂ ಗಾಢ ಬೇಕಾದಲ್ಲಿ ಹಾಲಿಲ್ಲದ ಚಹಾದ ಡಿಕಾಕ್ಷನ್ ತುದಿಗಳಿಗೆ ಹಚ್ಚಿ.

ಹಾಳೆ ಪೂರ್ತಿ ಒಣಗಿದ ಮೇಲೆ ಮಡಚಿ, ಅರ್ಧ ಎಲೆ ಬರೆದು ಕತ್ತರಿಸಿದರೆ ಎರಡೂ ಕಡೆ ಸಮ ಬರುತ್ತದೆ. ಮೇಪಲ್‌ಗೆ ಮಡಿಕೆಯ ತುದಿಯಲ್ಲಿ ಅರ್ಧ ಹಾಲೆ (ಎಲೆಯ ಚಾಚಿದ ಭಾಗ), ಪಕ್ಕದಲ್ಲಿ ಎರಡು ಪೂರ್ತಿ ಹಾಲೆ, ಬಿಚ್ಚಿದಾಗ ಐದು. ಖಾಲಿ ಪೆನ್ನಿನಿಂದ ನರಗಳನ್ನು ಹಿಂದಿನಿಂದ ಒತ್ತಿದರೆ ಎಲೆ ತಾನಾಗಿ ಸ್ವಲ್ಪ ಮುದುರಿ ನಿಜದಂತೆ ನಿಲ್ಲುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಕಿಟಕಿ ಎದುರಿನ ಬೋರ್ಡಾದರೆ ಕೆಲವೇ ದಿನಗಳಲ್ಲಿ ಮಾಸುತ್ತದೆ. ನೆರಳಿನ ಗೋಡೆ ನೋಡಿಕೊಳ್ಳಿ.

ಕಾರ್ಡಿಗೆ ನಿಜವಾದ ಎಲೆಯೇ ಬೇಕೆಂದರೆ ಬನ್ನಿ ಇದೆ. ವಿಜಯದಶಮಿಗೆ ಮನೆಗೆ ಬಂದ ಬನ್ನಿಯನ್ನು ಅವತ್ತೇ ರದ್ದಿ ಪೇಪರ್ ನಡುವೆ ಇಟ್ಟು ಭಾರ ಹೇರಬೇಕು. ಬಾಡಿದ ಮೇಲೆ ಇಟ್ಟರೆ ಸಣ್ಣ ದಳಗಳು ಕಡ್ಡಿಯಿಂದ ಕಳಚಿ ಬೀಳುತ್ತವೆ. ಮೊದಲ ಎರಡು ದಿನ ಪೇಪರ್ ಬದಲಿಸಿ, ಇಲ್ಲದಿದ್ದರೆ ಎಲೆ ಕಪ್ಪಾಗುತ್ತದೆ. ದೀಪಾವಳಿಗೆ ಇನ್ನೂ ಸುಮಾರು 20 ದಿನ ಇರುವುದರಿಂದ ಚೆನ್ನಾಗಿ ಒಣಗುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ, ಕಾರ್ಡಿಗೆ ತೆಳ್ಳಗೆ ಬಳಿದು, ಚಿಮಟದಿಂದ ಎಲೆ ಎತ್ತಿಡಿ.

---

ನಾಲ್ಕನೇ_ಕ್ಲಾಸ್_ಟೀಚರ್

ಎಲ್ಲಾರಿಗೂ ಧನ್ಯವಾದ ರೀ. ಪಾಪ್-ಅಪ್ ಒಂದು ಉಳೀತು. ಮತ್ತ ಫೆವಿಕಾಲ್ ಬದ್ಲಿ ಮೈದಾ ಅಂಟು ಕುದಿಸಿ, ಹುಳ ಬೀಳದಂಗ ಮೈಲುತುತ್ತ ಹಾಕಂತ ಒಬ್ರು ಹೇಳ್ಯಾರ. ಹಾಕಬಹುದೇನ್ರಿ?

---

ಉತ್ತರ 4: ಕತ್ತರಿ_ಸ್ಕೇಲ್ (ಕಲಬುರಗಿ)

ಮೈಲುತುತ್ತ ವಿಷ. ಮಕ್ಕಳು ಬೆರಳಿಂದ ಹಚ್ಚೋ ಅಂಟಿಗಿ ಹಾಕಲೇಬ್ಯಾಡ್ರಿ. ಮೈದಾ ಅಂಟು ಬೋರ್ಡಿಗಿ ನಡೀತದ, ಅವತ್ತಿಂದು ಅವತ್ತೇ ಕುದಿಸಿ ಮುಗಸ್ರಿ: ಎರಡು ಚಮಚ ಮೈದಾ ತಣ್ಣೀರಾಗ ಗಂಟಿಲ್ಲದಂಗ ಕದಡಿ, ಒಂದು ಲೋಟ ಕುದಿಯೋ ನೀರಿಗಿ ಸುರದು, ಮಿಂಚು ಬರೋತನಕ ತಿರುವ್ರಿ. ಕಾರ್ಡಿಗಿ ಮಾತ್ರ ಬ್ಯಾಡ, ಅದರಾಗ ಫೆವಿಕಾಲ್‌ಗಿಂತ ಹೆಚ್ಚು ನೀರು ಇರ್ತದ.

ಪಾಪ್-ಅಪ್‌ಗೆ ಒಳಗಿನ ಹಾಳಿ ಬ್ಯಾರೆ ತಗೋರಿ, 120 ಜಿಎಸ್‌ಎಂ, 13.4×17.2 ಸೆಂ.ಮೀ. ಒಂದು ಎ4ಗೆ ಎರಡು. 17.2ರ ಮಗ್ಗಲು ಎ4 ಅಗಲಕ್ಕ ಬರಬೇಕು, ಹಂಗಿದ್ರ ಮಡಿಕಿ ಎಳಿ ಕಡಿ ಬೀಳ್ತದ. ನಡುವ ಮಡಚಿ, ಮಡಿಕಿ ಕಡಿಯಿಂದ 2.5 ಸೆಂ.ಮೀ ಉದ್ದದ ಎರಡು ಸೀಳು ಹಾಕ್ರಿ, ನಡುವ 2 ಸೆಂ.ಮೀ ಅಂತರ. ಎರಡೂ ಸೀಳು ಒಂದೇ ಉದ್ದ ಇರಬೇಕು, ಒಂದು ಮಿ.ಮೀ ಹೆಚ್ಚುಕಮ್ಮಿ ಆದ್ರೂ ಪೆಟ್ಟಿಗಿ ಸೊಟ್ಟ ನಿಲ್ತದ. ಸೀಳಿನ ತುದಿಯಿಂದ ತುದಿಗಿ ಗೆರಿ ಒತ್ತಿ, ಹಾಳಿ ಬಿಚ್ಚಿ, ನಡುವಿನ ಪಟ್ಟಿನ ಒಳಗಡಿಗಿ ದೂಡ್ರಿ. ಮೆಟ್ಟಲದಂಗ ಒಂದು ಪೆಟ್ಟಿಗಿ ನಿಲ್ತದ.

ಚಿತ್ರ ಅಂಟಿಸೋದು ಆ ಪೆಟ್ಟಿಗಿ ಮುಂದಿನ ಮಗ್ಗಲಿಗಿ ಮಾತ್ರ. ಮ್ಯಾಲಿನ ಮಗ್ಗಲಿಗೂ ಅಂಟು ತಾಗಿದ್ರ ಕಾರ್ಡ್ ಮುಚ್ಚಂಗಿಲ್ಲ. ಹೊರಗ ಇಣುಕೋದಕ್ಕ ಕಾರಣ ಇಷ್ಟೇ: ಕಾರ್ಡ್ ಮುಚ್ಚಿದಾಗ ಚಿತ್ರ ಮುಂದಕ್ಕ ಮಲಗ್ತದ, ಆಗ ಮಡಿಕಿಯಿಂದ ಅದರ ತುದಿತನಕ ಸೀಳಿನ ಉದ್ದ ಮತ್ತು ಚಿತ್ರದ ಎತ್ತರ ಎರಡೂ ಕೂಡ್ತಾವ. ನಿಮ್ಮ ಕಾರ್ಡಿನ ಒಂದು ಪುಟ 8.9 ಸೆಂ.ಮೀ. ಅದರಾಗ 2.5 ಕಳದು, ಅಂಚಿಗಿ 4 ಮಿ.ಮೀ ಬಿಟ್ರ ಚಿತ್ರಕ್ಕ 6 ಸೆಂ.ಮೀ ಉಳೀತದ. ಪಣತಿ ಜ್ಯೋತಿ ಸಹಿತ 6ರೊಳಗೇ ಇರ್ಲಿ.

ಒಳಗಿನ ಹಾಳಿ ಹೊರ ಕಾರ್ಡಿಗಿ ಅಂಟಿಸೋವಾಗ ಪೆಟ್ಟಿಗಿ ಹಿಂದಿನ ಜಾಗ ಬಿಟ್ಟು ಸುತ್ತ ಗ್ಲೂ ಸ್ಟಿಕ್ ಹಚ್ರಿ. ಮೊದಲ ಒಂದು ಪುಟ ಕೂಡಿಸಿ, ಕಾರ್ಡ್ ಮುಚ್ಚಿ ಒತ್ತಿ, ಆಮ್ಯಾಲ ಎರಡನೇದು. ಬಿಚ್ಚಿಟ್ಟು ಎರಡೂ ಕೂಡಿಸಿದ್ರ ಮಡಿಕಿ ಹತ್ರ ಹಾಳಿ ಜಗ್ತದ.

---

ಉತ್ತರ 5: ಕಪ್ಪು_ಬೆಳ್ಳಿ (ಬೀದರ)

ಒಂದು ಸೇರಸ್ತೀನಿ. ಬಾವಲಿ ಕತ್ತರಿಸೋವಾಗ ಮಕ್ಕಳ ಕತ್ತರಿಗಿ ಎರಡು ಪದರಕ್ಕಿಂತ ಹೆಚ್ಚು ಕೊಡಬ್ಯಾಡ್ರಿ, ಕೆಳಗಿನ ಹಾಳಿ ಸರದು ರೆಕ್ಕಿ ಸಣ್ಣ-ದೊಡ್ಡ ಆಗ್ತಾವ. ಗ್ವಾಡಿಗಿ ನೇರ ಟೇಪ್ ಹಚ್ಚಿದ್ರ ಸುಣ್ಣ-ಡಿಸ್ಟೆಂಪರ್ ಕಿತ್ತು ಬರ್ತದ. ಬೋರ್ಡಿನ ಎರಡು ಮೊಳಿಗಿ ಅಡ್ಡ ದಾರ ಕಟ್ಟಿ, ಬಾವಲಿ ನಡುವಿನ ಮಡಿಕಿಗಿ ದಾರ ಹಾಯಿಸಿ ಒಂದು ಚುಕ್ಕಿ ಫೆವಿಕಾಲ್ ಇಡ್ರಿ. ಫ್ಯಾನ್ ಗಾಳಿಗಿ ರೆಕ್ಕಿ ತಾವೇ ಆಡ್ತಾವ.