ಬ್ಲೂ ಟ್ಯಾಂಗ್ ಮೈತುಂಬ ಬಿಳಿ ಚುಕ್ಕಿ, ಅನುಭವ ಇದ್ದೋರು ಹೇಳ್ರಿ

ರಾಯಚೂರಿನವ:
ನಾಲ್ಕು ಫೂಟಿನ ಉಪ್ಪುನೀರಿನ (ಸಮುದ್ರ ಮೀನಿನ) ಟ್ಯಾಂಕು, 280 ಲೀಟರ್. ಒಂದು ಬ್ಲೂ ಟ್ಯಾಂಗ್, ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಸ್ವಲ್ಪ ಹವಳ. ಮೂರು ದಿನದಿಂದ ಟ್ಯಾಂಗ್ ಮೈಮ್ಯಾಲ ಉಪ್ಪಿನ ಹರಳಿನಂಥ ಚುಕ್ಕಿ, ಕಲ್ಲಿಗೆ ಮೈ ತಿಕ್ಕಾಕತ್ತೈತಿ. ತಿನ್ನೋದು ಬಿಟ್ಟಿಲ್ಲ. ಹೋದ ವಾರ ಆರು ತಾಸು ಕರೆಂಟ್ ಇರಲಿಲ್ಲ, ನೀರು 31 ಡಿಗ್ರಿ ಮುಟ್ಟಿತ್ತು. ತಾಮ್ರದ ಔಷಧ ಇದೇ ಟ್ಯಾಂಕಿಗೆ ಹಾಕ್ಲೇನು?

ಬಳ್ಳಾರಿ ಕೌಲ್‌ಬಜಾರ್:
ಹಾಕಬ್ಯಾಡ್ರಿ. ಚುಕ್ಕಿ ಅಂದ್ರೆ ಮೈಗೆ ಅಂಟೋ ಸಣ್ಣ ಹುಳ, ತಾಮ್ರಕ್ಕೆ ಸಾಯ್ತದೆ ನಿಜ, ಆದ್ರೆ ಈ ಟ್ಯಾಂಕಿನಾಗೆ ಬ್ಯಾಡ. ನಾನು ಹಾಕಿ ಅನುಭವಿಸೀನಿ. ರಾತ್ರಿ ಹನ್ನೊಂದಕ್ಕೆ ಬಿಟ್ಟೆ, ಬೆಳಿಗ್ಗೆ ಎರಡೂ ಸೀಗಡಿ ಸೆಟೆದು ಬಿದ್ದಿದ್ವು. ಮೂರನೇ ದಿನ ಹದಿನಾಲ್ಕು ಬಸವನಹುಳ. ಮನೆಯಾಗೆ ಕೂರಾಕಾಗದಂಥ ವಾಸನೆ. ಅಷ್ಟು ಮಾಡಿದ್ರೂ ಮೀನು ಉಳೀಲಿಲ್ಲ, ಯಾಕಂದ್ರೆ ಕಲ್ಲು, ಮರಳು ತಾಮ್ರ ಹೀರ್ಕಂತಾವೆ. ಸಂಜೆ ತಾಮ್ರ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಮಾಡಿದ್ರೆ ಬೆಳಿಗ್ಗೆ 0.8. ಆ ಕಲ್ಲಿನ ಮೇಲೆ ಮತ್ತೆ ಹವಳ ಇಡೋ ನಂಬಿಕೆ ಬರಲಿಲ್ಲ: 18 ಕೆಜಿ, ಕೆಜಿಗೆ 650ರಂತೆ 11,700 ರೂಪಾಯಿ. ಟೆಸ್ಟ್ ಕಿಟ್ 2,400 ಬೇರೆ. ಎರಡನೇ ಸಲ ಬುದ್ಧಿ ಬಂತು. ಕಲ್ಲು ಮರಳು ಇಲ್ಲದ ಬೇರೆ ಟಬ್ಬಿನಾಗೆ ಮೀನು ಇಟ್ಟೆ, ಒಂದು ಸ್ಪಂಜ್ ಫಿಲ್ಟರ್, ಅಡಗಾಕೆ ಪಿವಿಸಿ ಪೈಪಿನ ತುಂಡು. ಮೂರು ದಿನದಾಗೆ ನಿಧಾನಕ್ಕೆ 2ಕ್ಕೆ ಏರಿಸಿ ಮೂವತ್ತು ದಿನ ಅಲ್ಲೇ ಹಿಡಿದಿಟ್ಟೆ. ಆ ಟ್ಯಾಂಗ್ ಇವತ್ತಿಗೂ ಐತೆ.

ಗಂಗಾವತಿಯವ:
ತಾಮ್ರ ಅಂದ್ರ ಮೀನಿನ ಲಿವರ್‌ಗೆ ವಿಷ ರೀ. ನಾನು ನೀರಿನ ಉಪ್ಪು ಇಳಿಸಿ ಗುಣಮಾಡೀನಿ. ಉಪ್ಪಿನ ಅಳತಿ (ನೀರಿನ ಸಾಂದ್ರತೆ) 1.025 ಇದ್ದದ್ದನ್ನ ಎರಡು ದಿನದಾಗ 1.009ಕ್ಕ ತಂದು ಒಂದು ತಿಂಗಳು. ಮೊದಲ ಹನ್ನೆರಡು ದಿನ ಪೂರಾ ದಂಡ ಆದ್ವು. ಉಪ್ಪು ಅಳೆಯೋ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ 1.009 ತೋರಸ್ತಿತ್ತು, ನಿಜವಾಗಿ 1.013 ಇತ್ತು. ಅದಕ್ಕಿಂತ ಸರಿಯಾಗಿ ಅಳೆಯೋ ರಿಫ್ರಾಕ್ಟೋಮೀಟರ್ ತರಿಸಿ ಮತ್ತ ಒಂದನೇ ದಿನದಿಂದ ಶುರು ಮಾಡಿದೆ. ಪಿಎಚ್ ಇಳೀತದ ಅಂತ ಬೆಳಿಗ್ಗೆ ಸಂಜಿ ನೋಡಿ ಅಡಿಗಿ ಸೋಡಾ ಹಾಕೀನಿ. ವಾಪಸ್ ಏರಿಸಾಕ ಒಂದು ವಾರ ತಗೊಂಡೆ. ಇಳಿಸೋದು ಮೀನು ತಡಕೊಂತದ, ಏರಿಸೋದು ಅವಸರ ಮಾಡಿದ್ರ ಸಾಯ್ತದ. ಒಂದು ಹನಿ ಔಷಧ ಇಲ್ಲ.

ಬಳ್ಳಾರಿ ಕೌಲ್‌ಬಜಾರ್:
ನಿಮಗೆ ಆತು ಅಂತ ಎಲ್ಲಾರಿಗೂ ಆಗಂಗಿಲ್ಲ ಅಣ್ಣಾರೆ. ಕಡಿಮೆ ಉಪ್ಪಿನಾಗೂ ಬದುಕೋ ಹುಳದ ತಳಿ ಅದಾವೆ. ಬಂದಿದ್ದು ವೆಲ್ವೆಟ್ ಅನ್ನೋ ಇನ್ನೊಂದು ಚುಕ್ಕಿ ರೋಗ ಆಗಿದ್ರೆ ನಿಮ್ಮ 1.009 ಏನೂ ಕೆಲಸ ಮಾಡಂಗಿಲ್ಲ, ಎರಡು ಮೂರು ದಿನದಾಗೆ ಮೀನು ಹೋಗ್ತದೆ.

ಗಂಗಾವತಿಯವ:
ಅವರು ಉಪ್ಪಿನ ಹರಳಿನಂಥ ಚುಕ್ಕಿ ಅಂದಾರ. ವೆಲ್ವೆಟ್ ಹಿಟ್ಟು ಉದುರಿಸಿದಂಗ ಕಾಣ್ತದ. ಓದಿ ಮಾತಾಡ್ರಿ.

ಸಿಂಧನೂರಿನಾಕಿ:
ನನ್ನ ಮೀನು ಹುಳದಿಂದ ಸಾಯಲಿಲ್ಲ, ಸೆಕಿಗೆ ಸತ್ತಿತು. ಟಬ್ಬು ಮಾಳಿಗಿ ಕೋಣ್ಯಾಗ ಇಟ್ಟಿದ್ದೆ, ಮೇ ತಿಂಗಳು. ಬಿಸಿ ನೀರಿನಾಗ ಆಕ್ಸಿಜನ್ ಕಡಿಮಿ, ಅದಕ್ಕ ಮೊದಲೇ ಕಿವಿರಿನಾಗ ಹುಳ. ನಸುಕಿನಾಗ ನಾಲ್ಕಕ್ಕ ಕರೆಂಟ್ ಹೋತು, ಇನ್ವರ್ಟರ್ ಬ್ಯಾಟರಿ ಇಳಿದಿತ್ತು, ನಾನು ಎದ್ದಿದ್ದು ಆರಕ್ಕ. ತಟ್ಟೆ ಹಿಡಿದು ನೀರು ಬಡಿದೆ, ಬಡಿದೇ ಬಡಿದೆ. 900 ರೂಪಾಯಿ ಬ್ಯಾಟರಿ ಏರ್‌ಪಂಪ್ ಇದ್ದಿದ್ರ ಅದು ಉಳೀತಿತ್ತು. ಮರುವಾರವೇ ತಂದೆ, ಈಗ ಎರಡು ಅದಾವ. ಎರಡನೇ ಮೀನಿಗೆ ಬೆಳ್ಳುಳ್ಳಿ ರಸದಾಗ ನೆನೆಸಿ ತಿನಿಸಿದೆ, ಗುಣ ಆತು.

ಗಂಗಾವತಿಯವ:
ಅಕ್ಕಾರೆ, ಬೆಳ್ಳುಳ್ಳಿಗೆ ಹುಳ ಸಾಯಂಗಿಲ್ಲ. ಇಂಥ ಮಾತು ನಂಬಿ ಜನ ಮೀನು ಕಳ್ಕೊಂತಾರ.

ಸಿಂಧನೂರಿನಾಕಿ:
ಹುಳ ಸಾಯ್ತದ ಅಂತ ಎಲ್ಲಿ ಅಂದೀನಿ? ಐದು ದಿನ ಬಾಯಿ ಮುಟ್ಟದ ಮೀನು ತಿನ್ನಾಕ ಶುರು ಮಾಡ್ತು. ಇಪ್ಪತ್ತಾರು ದಿನ ದಿನಾ ನೀರಿನಾಗ ಅಮೋನಿಯಾ (ಮೀನಿನ ಹೊಲಸಿನ ವಿಷ) ನೋಡಿ, ಅರ್ಧ ನೀರು ಬದಲಿಸಿದಾಕಿ ನಾನು. ಆರ್‌ಓ ನೀರಿನ ಕ್ಯಾನ್ ಎರಡು ಮಹಡಿ ಹೊತ್ತೀನಿ. ನಿಮ್ಮಿಂದ ಕಲಿಯೋದು ಬ್ಯಾಡ.

ಕುಷ್ಟಗಿಯವ:
ನಾಲ್ಕು ಫೂಟಿನಾಗ ಬ್ಲೂ ಟ್ಯಾಂಗ್ ಯಾಕ ಹಾಕಿದ್ರಿ? ಒಂದು ಫೂಟ್ ಬೆಳೆಯೋ, ದಿನಪೂರ್ತಿ ಈಜೋ ಮೀನದು. ಚುಕ್ಕಿ ಬರೋದ್ರಾಗ ಟ್ಯಾಂಗ್ ಜಾತಿ ಎಲ್ಲಕ್ಕಿಂತ ಮುಂದ. ನಾನು ನಂದನ್ನ ಹೈದರಾಬಾದಿನ ಆರೂವರೆ ಫೂಟ್ ಟ್ಯಾಂಕ್ ಇದ್ದೋರಿಗೆ ರೊಕ್ಕ ತಗೊಳ್ಳದ ಕೊಟ್ಟುಬಂದೆ. ಬಸ್ಸಿನಾಗ ಥರ್ಮಾಕೋಲ್ ಡಬ್ಬಿ ತೊಡಿಮ್ಯಾಲ ಇಟ್ಕೊಂಡು ಹೋಗೀನಿ.

ಬಳ್ಳಾರಿ ಕೌಲ್‌ಬಜಾರ್:
ರೋಗ ಕೇಳಿದ್ರೆ ಟ್ಯಾಂಕಿನ ಅಳತೆ ಹೇಳ್ತೀರಿ. ತಂದಾಗಿದೆ, ಈಗ ಉಳಿಸೋದು ಹೇಳ್ರಿ.

ಕುಷ್ಟಗಿಯವ:
ಅಳತೆ ಸರಿ ಇದ್ದಿದ್ರ ಈ ಪ್ರಶ್ನೆನ ಬರ್ತಿರಲಿಲ್ಲ.

ರಾಯಚೂರಿನವ:
ಎಲ್ಲಾರೂ ಜಗಳ ನಿಲ್ಲಸ್ರಿ. ಇವತ್ತು ಬೆಳಿಗ್ಗೆ ಚುಕ್ಕಿ ಒಂದೂ ಇಲ್ಲ! ಏನೂ ಹಾಕಿರಲಿಲ್ಲ. ಗುಣ ಆತಲ್ಲ?

ಸಿಂಧನೂರಿನಾಕಿ:
ಇಲ್ಲ ತಮ್ಮಾ. ಹುಳ ಹೊಟ್ಟಿ ತುಂಬಿ ಉದುರಿ ಮರಳಿಗೆ ಇಳಿದಾವ. ಅಲ್ಲಿ ಗೂಡು ಕಟ್ಟಿ ನೂರಾರು ಮರಿ ಆಗಿ ಮತ್ತ ಮೀನು ಹುಡುಕ್ತಾವ. ನಾನೂ ಹಿಂಗ ಖುಷಿಪಟ್ಟು ಒಂದು ವಾರ ಸುಮ್ನಿದ್ದೆ. ಮೂರೂ ಮೀನು ಇವತ್ತೇ ಟಬ್ಬಿಗೆ ತಗೀರಿ, ಸೀಗಡಿ ಹವಳ ಅಲ್ಲೇ ಇರಲಿ. ಮೀನು ಸಿಗದ ಹುಳ ಸಾಯಲಿ ಅಂತ ದೊಡ್ಡ ಟ್ಯಾಂಕಿನಾಗ 76 ದಿನ ಒಂದೂ ಮೀನು ಬ್ಯಾಡ.

ಗಂಗಾವತಿಯವ:
ಇದೊಂದು ಅಕ್ಕಾರು ಸರಿಯಾಗಿ ಹೇಳಿದ್ರು. ಟಬ್ಬಿನಾಗ ಮಾತ್ರ 1.009.

ಬಳ್ಳಾರಿ ಕೌಲ್‌ಬಜಾರ್:
ತಾಮ್ರ.