ಸಹಾಯ ಬೇಕು: ಅಪ್ಪನ ಎಚ್‌ಎಂಟಿ ಜನತಾ ಡಯಲ್ ಮೂಲದ್ದೋ, ಮರುಬಣ್ಣದ್ದೋ?

ಮಾನ್ಯರೇ, ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದ ನಮ್ಮ ತಂದೆಯವರು ಬಿಟ್ಟುಹೋದ, ಕೀ ಕೊಡುವ ಜನತಾ ವಾಚಿನ ಡಯಲ್ ಮೂಲದ್ದೋ, ನಡುವೆ ಯಾರಾದರೂ ಬಣ್ಣ ಬಳಿದು ಅಕ್ಷರ ಮುದ್ರಿಸಿದ್ದೋ ಎಂದು ತಿಳಿಯಲು ನಿಮ್ಮ ನೆರವು ಬೇಕಾಗಿದೆ.

ಗಾಜು ತೆಗೆಸಿ ಭೂತಗನ್ನಡಿಯಲ್ಲಿ ನೋಡಿದಾಗ, ಹೆಸರಿನ ಅಕ್ಷರಗಳ ಅಂಚು ಶಾಯಿ ಹರಡಿದಂತೆ ದಪ್ಪಗಿದ್ದು, ನಾಲ್ಕು ಗಂಟೆಯ ಬಳಿ ನಿಮಿಷದ ಗೆರೆಯು ಉಬ್ಬಿದ ಗಂಟೆಗುರುತಿನ ನೇರಕ್ಕೆ ಬಾರದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಆ ಗುರುತಿನ ಬುಡಕ್ಕೆ ಬಿಳಿ ಬಣ್ಣವೂ ಮೆತ್ತಿಕೊಂಡಿದೆ. ಬಣ್ಣ ಒಣಗಿದ ಮೇಲೆ ಕೂರಿಸಿದ ಗುರುತಿಗೆ ಹಾಗೆ ಮೆತ್ತುವುದಿಲ್ಲವಾದ್ದರಿಂದ ನನಗೆ ಇದೇ ದೊಡ್ಡ ಅನುಮಾನ. ಆದರೆ ಡಯಲ್‌ನ ಹಿಂಬದಿಯಲ್ಲಿ ಉಜ್ಜಿದ ಗೀರುಗಳಿಲ್ಲ, ಡಯಲನ್ನು ಯಂತ್ರಕ್ಕೆ ಹಿಡಿದಿಡುವ ಹಿಂಬದಿಯ ಎರಡು ಸಣ್ಣ ಕಾಲುಗಳೂ ನೆಟ್ಟಗಿವೆ. ಬರೀ ಹಳದಿಗಟ್ಟಿರುವುದನ್ನು ಮೂಲದ್ದೆಂಬುದಕ್ಕೆ ಪುರಾವೆಯೆಂದು ನಾನು ಒಪ್ಪಲಾರೆ.

ಕೊಂಡಾಗಿನಿಂದ ಒಂದೇ ಮನೆಯಲ್ಲಿದ್ದ ಬಿಳಿ ಡಯಲ್‌ನ ಜನತಾ ತಮ್ಮಲ್ಲಿದ್ದರೆ, ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ತೆಗೆದ ಫೋಟೊ ದಯವಿಟ್ಟು ಹಾಕಿ.