ಪಲ್ಸರ್ 150 ಹಿಂದಿನ ಟೈರ್: 120/80 ಹಾಕಿಸಬಹುದಾ?

ಪ್ರಶ್ನೆ (ತೀರ್ಥಹಳ್ಳಿ): ಪಲ್ಸರ್ 150, ಮುಂದೆ ಡಿಸ್ಕ್, ಹಿಂದೆ ಡ್ರಮ್, ಅಲಾಯ್ ವೀಲ್. ಹಿಂದಿನ ಟೈರ್ 100/90-17 ಟ್ಯೂಬ್‌ಲೆಸ್. ನಡುವೆ ಬೋಳಾಗಿದೆ, ಅಂಚಲ್ಲಿ ಮಾತ್ರ ಬಟನ್ (ರಬ್ಬರಿನ ಉಬ್ಬು) ಉಳಿದಿದೆ. ಮಳೆ ಹಿಡಿಯೋ ಮೊದಲು ಬದಲಿಸಬೇಕು. 120/80 ಹಾಕಿದರೆ ಗ್ರಿಪ್ ಜಾಸ್ತಿ ಅಂತಾರೆ, ನಿಜವಾ? ಮುಂದಿನದನ್ನೂ ಒಟ್ಟಿಗೇ ಬದಲಿಸಲಾ? ಗೊತ್ತಿರೋರು ತಿಳಿಸಿ.

ಟೈರ್ ಅಂಗಡಿ, ಶಿವಮೊಗ್ಗ: 100/90-17 ಬಿಟ್ಟು ಬೇರೆಯದಕ್ಕೆ ಹೋಗಬೇಡಿ ಸರ್. 120/80 ಟೈರ್ ಅಗಲದಲ್ಲಿ 20 ಮಿ.ಮೀ., ಒಟ್ಟು ಎತ್ತರದಲ್ಲೂ ಸುಮಾರು 12 ಮಿ.ಮೀ. ಹೆಚ್ಚು. ಅದು ಎರಡೂ ಕಡೆ ಡಿಸ್ಕ್ ಇರುವ ಮಾಡೆಲ್‌ನ ಅಗಲ ರಿಮ್‌ಗೆ ಬರುವ ಸೈಜು. ನಿಮ್ಮ ರಿಮ್‌ಗೆ ಕೂರಿಸಿದರೆ ಎರಡು ಅಂಚೂ ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ. ನೋಡೋಕೆ ದಪ್ಪ, ಆದರೆ ರಸ್ತೆಗೆ ತಾಗುವುದು ನಡುವಿನ ಪಟ್ಟಿ ಮಾತ್ರ. ಚೈನ್ ಕವರ್‌ಗೆ ಉಜ್ಜುವ ಸಾಧ್ಯತೆ ಬೇರೆ. ತಿರುವಿನಲ್ಲಿ ಗಾಡಿ ಬಗ್ಗಿಸೋದೂ ಭಾರ ಅನ್ನಿಸುತ್ತದೆ.

ಕೊಳ್ಳುವಾಗ ಟೈರ್ ಪಕ್ಕದ ನಾಲ್ಕಂಕಿ ಓದಿ. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ‘ಆಫರ್’ ಟೈರ್‌ಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಸೈಜಿನ ಪಕ್ಕ 55ಪಿ ಅಂತಿದ್ದರೆ 218 ಕೆ.ಜಿ. ಭಾರ, ಗಂಟೆಗೆ 150 ಕಿ.ಮೀ. ವೇಗದವರೆಗೆ ತಡೆಯುತ್ತದೆ ಎಂದರ್ಥ. ಅದಕ್ಕಿಂತ ಕಡಿಮೆಯದು ಬೇಡ.

ಮುಂದಿನದು ನಿಧಾನಕ್ಕೆ ಸವೆಯುತ್ತದೆ. ಬಟನ್ ಸಂದಿಯಲ್ಲಿ 0.8 ಮಿ.ಮೀ. ಎತ್ತರದ ಸಣ್ಣ ದಿಬ್ಬ ಇರುತ್ತದೆ. ರಬ್ಬರ್ ಅದರ ಮಟ್ಟಕ್ಕೆ ಇಳಿದಿದ್ದರೆ ಟೈರ್ ಮುಗಿಯಿತು. ಇಳಿದಿಲ್ಲ, ಪಕ್ಕದಲ್ಲಿ ಬಿರುಕೂ ಇಲ್ಲ ಅಂದರೆ ಮುಂದಿನದನ್ನು ಮುಟ್ಟಬೇಡಿ.

ಮೆಕ್ಯಾನಿಕ್, ಹುಬ್ಬಳ್ಳಿ: ಸೈಜ್ ಮಾತು ಮುಗೀತಲ್ಲ, ಈಗ ಬಿಚ್ಚೋದು ನೋಡ್ರಿ. ಟೈರ್ ಛಲೋ ಇದ್ರೂ ಕೆಲಸ ಕೆಡೋದು ಇಲ್ಲೇ. ಡಬಲ್ ಸ್ಟ್ಯಾಂಡ್ ಹಾಕಿ, ಬ್ರೇಕ್ ರಾಡಿನ ನಟ್ ತೆಗೀರಿ. ಸ್ಪ್ರಿಂಗ್, ಪಿನ್ ಎರಡನ್ನೂ ರಾಡಿಗೇ ವಾಪಸ್ ಸಿಗಿಸಿ ಇಡ್ರಿ, ಇಲ್ಲಾಂದ್ರ ಆಮೇಲೆ ಹುಡುಕಾಟ. ಆಮೇಲೆ ಬ್ರೇಕ್ ಪ್ಲೇಟ್ ಹಿಡಿದಿರೋ ಟಾರ್ಕ್ ರಾಡಿನ ನಟ್, ಕಡೀಗೆ ಆಕ್ಸಲ್ (ಚಕ್ರದ ನಡುವಿನ ಕಂಬಿ) ನಟ್. ಆಕ್ಸಲ್ ಎಳೆದಾಗ ಬುಷ್ (ಆಕ್ಸಲ್ ಮ್ಯಾಲಿನ ಸಣ್ಣ ಕೊಳವೆ) ಕೆಳಗ ಬೀಳ್ತದ, ಯಾವ ಕಡೆಯಿಂದ ಬಿತ್ತು ಅಂತ ನೆನಪಿಡ್ರಿ. ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಕಡೆ ಅದನ್ನ ಹಿಡಿದಿರೋ ಸ್ಲೀವ್ ನಟ್ ಬೇರೆ ಇದ್ರ ಅದನ್ನ ಮುಟ್ಟಬ್ಯಾಡ್ರಿ. ಚೈನ್ ಇದ್ದಲ್ಲೇ ಇರ್ತದ, ಚಕ್ರ ಅಷ್ಟೇ ಹೊರಗ ಬರ್ತದ.

ಚಕ್ರ ಕೈಗೆ ಬಂದಾಗ ಕಪ್ಲಿಂಗ್ ರಬ್ಬರ್ (ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವಿನ ರಬ್ಬರ್ ತುಂಡುಗಳು) ಒತ್ತಿ ನೋಡ್ರಿ. ಸಡಿಲ ಆಗಿದ್ರ ಗೇರ್ ಹಾಕಿದಾಗೆಲ್ಲ ಜಗ್ಗತದ, ಪೂರ್ತಿ ಸೆಟ್ಟೇ ಬದಲಿಸ್ರಿ. ಬೇರಿಂಗ್ ಒಳಗ ಬೆರಳಿಟ್ಟು ತಿರುಗಿಸ್ರಿ, ಗರಗರ ಅಂದ್ರ ಅದೂ ಹೋಗ್ಯದ. ಹೆಂಗೂ ಬಿಚ್ಚೀರಿ, ಮತ್ತೊಮ್ಮೆ ಮಜೂರಿ ಯಾಕ?

ಜೋಡಿಸುವಾಗ ಟಾರ್ಕ್ ರಾಡಿನ ನಟ್ ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಇದ್ರ ಹೊಸದು ಹಾಕ್ರಿ. ಆ ನಟ್ ಬಿಚ್ಚಿಕೊಂಡ್ರ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದ ಜೊತೆ ಸುತ್ತತದ, ಬ್ರೇಕ್ ರಾಡ್ ಮುರೀತದ, ಚಕ್ರ ಲಾಕ್ ಆಗ್ತದ. ಆಕ್ಸಲ್ ನಟ್‌ಗಿಂತ ಇದನ್ನೇ ಮರೆಯೋರು ಜಾಸ್ತಿ.

ಪಂಚರ್ ಅಂಗಡಿ, ಪುತ್ತೂರು: ಅಲಾಯ್‌ಗೆ ಕೈ ಲಿವರ್ ಹಾಕಿಸಬೇಡಿ, ಮೆಷಿನ್ ಇರುವಲ್ಲಿ ಹೋಗಿ. ಟೈರ್ ಕೂರುವ ಅಂಚಿಗೆ ಗೀರು ಬಿದ್ದರೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಪಂಚರ್ ಮಾತ್ರ ಸಿಗುವುದಿಲ್ಲ! ಹಳೆ ರಬ್ಬರ್, ಒಣಗಿದ ಸೀಲೆಂಟ್ ಕೆರೆದು ತೆಗೆಯಿರಿ. ವಾಲ್ವ್ ಹೊಸದು ಹಾಕಿ, ಅದರ ಬೆಲೆ ಲೆಕ್ಕಕ್ಕೇ ಇಲ್ಲ. ಸವರಲಿಕ್ಕೆ ಸೋಪು ನೀರು ಸಾಕು. ಇಂಜಿನ್ ಆಯಿಲ್, ಗ್ರೀಸ್ ರಬ್ಬರ್ ತಿನ್ನುತ್ತದೆ, ಬ್ರೇಕ್ ಹಿಡಿದಾಗ ಟೈರ್ ರಿಮ್ ಮೇಲೆಯೇ ಜಾರುತ್ತದೆ.

ಟೈರಿನ ಬಾಣ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಹಳದಿ ಚುಕ್ಕೆ ಇದ್ದರೆ ವಾಲ್ವ್ ಪಕ್ಕಕ್ಕೆ ಬರಲಿ. ಗಾಳಿ ಹಾಕುವಾಗ ‘ಟಪ್’ ಅಂತ ಎರಡೂ ಅಂಚು ಕೂತ ಶಬ್ದ ಬರಬೇಕು. ರಿಮ್ ಪಕ್ಕದ ತೆಳು ಗೆರೆ ಸುತ್ತ ಒಂದೇ ಅಂತರದಲ್ಲಿ ಕಾಣದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ಸವರಿ ಹಾಕಿ. ಟೈರ್ ಮೇಲೆ ಬರೆದ ಗರಿಷ್ಠ ಪ್ರೆಶರ್ ದಾಟಿಸಿ ಕೂರಿಸಲಿಕ್ಕೆ ಹೋಗಬೇಡಿ, ಅಂಚಿನ ತಂತಿ ಹರಿಯುತ್ತದೆ.

ಪ್ರಶ್ನೆ ಕೇಳಿದವರು: ಸ್ಪೋಕ್ ವೀಲ್ ಇರೋ ಗಾಡಿಗೂ ಇದೇ ಕ್ರಮನಾ? ಗಾಳಿ ಎಷ್ಟಿರಲಿ?

ಪಂಚರ್ ಅಂಗಡಿ, ಪುತ್ತೂರು: ಮಾಮೂಲಿ ಸ್ಪೋಕ್ ರಿಮ್‌ಗೆ ಟ್ಯೂಬ್ ಬೇಕೇ ಬೇಕು, ಅದೂ ಹೊಸದು. ಹಿಗ್ಗಿದ ಹಳೆ ಟ್ಯೂಬ್ ಹೊಸ ಟೈರ್ ಒಳಗೆ ಮಡಚಿಕೊಂಡು ಆ ಮಡಿಕೆಯಲ್ಲೇ ಸೀಳುತ್ತದೆ. ರಿಮ್ ಟೇಪ್ ಹರಿದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಸ್ಪೋಕ್ ತುದಿ ಚುಚ್ಚುತ್ತದೆ.

ಟೈರ್ ಅಂಗಡಿ, ಶಿವಮೊಗ್ಗ: ನಿಮ್ಮ ಗಾಡಿಗೆ ಮುಂದೆ 25 ಪಿಎಸ್ಐ, ಹಿಂದೆ ಒಬ್ಬರೇ ಆದರೆ 28, ಇಬ್ಬರಾದರೆ 32. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಿ. ನಡುವೆ ಮಾತ್ರ ಬೋಳಾಗೋದಕ್ಕೆ ನೇರ ರಸ್ತೆಯ ಓಡಾಟದ ಜೊತೆ ಅತಿ ಗಾಳಿಯೂ ಕಾರಣ. ಬಂಕಿನಲ್ಲಿ ಕಣ್ಣಂದಾಜಿಗೆ 40 ತುಂಬಿಸೋರು ಬಹಳ. ಹೊಸ ರಬ್ಬರ್ ಮೇಲ್ಮೈ ನುಣುಪಾಗಿರುತ್ತದೆ, ಮೊದಲ 150 ಕಿ.ಮೀ. ಗಾಡಿ ಹೆಚ್ಚು ಬಗ್ಗಿಸಬೇಡಿ. ಹಾಕಿಸಿದ ಕೂಡಲೇ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯೋದಂತೂ ಬೇಡವೇ ಬೇಡ.

ಮೆಕ್ಯಾನಿಕ್, ಹುಬ್ಬಳ್ಳಿ: ಅಂಗಡಿ ಬಿಡೋ ಮೊದ್ಲು ಬ್ರೇಕ್ ಪೆಡಲ್ ಒತ್ತಿ ನೋಡ್ರಿ, ಹಿಂದಿನ ಲೈಟ್ ಹತ್ತತದೋ ಇಲ್ಲೋ. ರಾಡ್ ಬಿಚ್ಚಿ ಹಾಕಿದ ಮ್ಯಾಲೆ ಸ್ವಿಚ್ ಅಡ್ಜಸ್ಟ್ ತಪ್ಪಿರ್ತದ.